ಕುತೂಹಲಕ್ಕೂ ಒಂದು ಕೋಚಿಂಗು

ಮೊನ್ನೆ ಬೆಳಿಗ್ಗೆ ಕಾರಿಗೆ ವ್ಯಾಕ್ಯೂಮ್ ಹಿಡಿದಿದ್ದೆ. ಚಿಕ್ಕ ಮಕ್ಕಳಿರುವ ಮನೆಯ ಕಾರಿನ ಹಿಂದಿನ ಸೀಟು ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಕಚ್ಚಿದ ಚಕ್ಕುಲಿ, ಒಂಟಿ ಸಾಕ್ಸು, ಒಂದಾನೊಂದು ಕಾಲದಲ್ಲಿ ದ್ರಾಕ್ಷಿಯಾಗಿದ್ದ ಏನೋ ಒಂದು. ಇವುಗಳ ನಡುವೆ ಹಳದಿ ಬಣ್ಣದ, ಆರು ಮೂಲೆಯ ಮರದ ಬಿಲ್ಲೆಯೊಂದು ಕೈಗೆ ಸಿಕ್ಕಿತು. ಚೌಕ, ತ್ರಿಕೋನಗಳನ್ನೆಲ್ಲ ಜೋಡಿಸಿ ಚಿತ್ರ ಮಾಡುವ ಬಿಲ್ಲೆಗಳ ಡಬ್ಬಿ ಒಂದಿತ್ತು ನಮ್ಮಲ್ಲಿ, ಅದರದ್ದು. ಎರಡು ವರ್ಷದ ಹಿಂದೆ ನನ್ನ ಮಗಳು ಇಳಾಳ ಬುದ್ಧಿ ಚುರುಕಾಗಲೆಂದು ಹ್ಯೂಸ್ಟನ್ನಿನಿಂದ ಬಂದ ಡಬ್ಬಿ. ವ್ಯಾಕ್ಯೂಮ್ ಆಫ್ ಮಾಡಿ ಡ್ರೈವ್‌ವೇಯಲ್ಲೇ ಕುಳಿತುಬಿಟ್ಟೆ. ಬಿಲ್ಲೆ ಕಂಡು ಭಾವುಕನಾದೆನೆಂದು ತಿಳಿಯಬೇಡಿ, ಸೊಂಟ ಹಿಡಿದುಕೊಂಡಿತ್ತು.

ನಾವಿರುವುದು ಲಿಟಲ್ ಎಲ್ಮ್‌ನಲ್ಲಿ. ಮೈಸೂರಿನವರಿಗೆ ಡಲ್ಲಾಸ್ ಎಂದು ಹೇಳುತ್ತೇವೆ, ಆದರೆ ಡಲ್ಲಾಸ್ ನೋಡಬೇಕಾದರೆ ನಾವೂ ಒಂದು ದಿನ ರಜ ಹಾಕಬೇಕು. ಸರೋವರದ ದಡ, ಒಂದೇ ಅಚ್ಚಿನಲ್ಲಿ ಒತ್ತಿದಂಥ ಹೊಸ ಮನೆಗಳು, ಮನೆಯ ಮುಂದೊಂದು ಗಿಡ, ಗಿಡಕ್ಕೊಂದು ಊರುಗೋಲು, ಮನೆಯೊಳಗೊಂದು ಪ್ರತಿಭಾವಂತ ಮಗು. ಇಲ್ಲಿಗೆ ಬಂದಾಗಿನಿಂದ ಸಾಧಾರಣ ಬುದ್ಧಿಯ ಒಂದು ಮಗುವನ್ನೂ ನಾನು ನೋಡಿಲ್ಲ. ಸಾಧಾರಣ ಬುದ್ಧಿಯವರಿದ್ದರೆ ಅಪ್ಪಂದಿರೇ, ಅದನ್ನು ಅಮ್ಮಂದಿರು ದಿನಾ ಹೇಳುತ್ತಿರುತ್ತಾರೆ.

ಇಲ್ಲಿನ ಶಾಲೆಗಳಲ್ಲಿ ‘ಗಿಫ್ಟೆಡ್ ಅಂಡ್ ಟ್ಯಾಲೆಂಟೆಡ್’ ಎಂಬ ಒಂದು ಏರ್ಪಾಡಿದೆ. ಎಲ್ಲರೂ ಜೀಟಿ ಎನ್ನುತ್ತಾರೆ. ಯೋಚನೆಯಲ್ಲಿ ತನ್ನ ವಯಸ್ಸಿಗಿಂತ ನಾಲ್ಕು ಹೆಜ್ಜೆ ಮುಂದಿರುವ ಮಗು ಕ್ಲಾಸಿನಲ್ಲಿ ಬೇಜಾರಾಗಿ ಮುದುಡಿಕೊಳ್ಳದಿರಲಿ, ಅದಕ್ಕೆ ತಕ್ಕ ಕೆಲಸ, ತಕ್ಕ ಟೀಚರು ಸಿಗಲಿ ಎಂಬ ಸದುದ್ದೇಶದ ಏರ್ಪಾಡು. ಕಿಂಡರ್‌ಗಾರ್ಟನ್ನಿನಲ್ಲೇ ಟೆಸ್ಟು ಕೊಟ್ಟು ಅಂಥ ಮಕ್ಕಳನ್ನು ಗುರುತಿಸುತ್ತಾರೆ. ಇಂಥ ಒಳ್ಳೆಯ ಏರ್ಪಾಡು ನಮ್ಮವರ ಕಿವಿಗೆ ಬಿದ್ದರೆ ಏನಾಗುತ್ತದೆಂದು ನೀವೇ ಊಹಿಸಿ. ಸಿಟಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದು ಬೆಳೆದ ಜನ ನಾವು. ಎಲ್ಲಿಗೆ ಹೋಗುವ ಬಸ್ಸೆಂದು ಆಮೇಲೆ ಕೇಳಿಕೊಂಡರಾಯಿತು. ಸತ್ಯನಾರಾಯಣ ಪೂಜೆಗೆ ಹೋದರೆ ಮೊದಲೆಲ್ಲ ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಿದ್ದವರು ಈಗ ಗೋತ್ರ ಕೇಳುವ ಗಾಂಭೀರ್ಯದಿಂದ “ನಿಮ್ಮ ಮಗು ಜೀಟೀನಾ?” ಎಂದು ಕೇಳುತ್ತಾರೆ. ಇನ್ನೂ ಇಲ್ಲವೆಂದರೆ “ಹೌದಾ... ಇರ್ಲಿ ಬಿಡಿ, ಆರೋಗ್ಯವಾಗಿದ್ರೆ ಸಾಕು” ಎಂದು ಸಮಾಧಾನ ಮಾಡಿ ಸಪಾದದ ಕಡೆ ತಿರುಗುತ್ತಾರೆ.

ನನ್ನ ಬಾಲ್ಯದಲ್ಲಿ ಜಾಣತನವನ್ನು ಅಳೆಯುವ ವಿಧಾನ ಬೇರೆ ಇತ್ತು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಂದೇ ಥರದ ಸ್ಟೀಲ್ ಡಬ್ಬಗಳ ಸಾಲು. ಅಮ್ಮ ಒಂದನ್ನು ಅಲ್ಲಾಡಿಸಿ “ಒಳಗೇನಿದೆ ಹೇಳು ನೋಡೋಣ” ಎನ್ನುತ್ತಿದ್ದಳು. ಕಡಲೆಬೇಳೆಯ ಸದ್ದು ಬೇರೆ, ಹೆಸರುಬೇಳೆಯದು ಬೇರೆ, ರವೆ ಸುಮ್ಮನೆ ಜಾರುತ್ತದೆ. ನಾನು ಒಂದೂ ತಪ್ಪದೆ ಹೇಳುತ್ತಿದ್ದೆ. ಈ ಪ್ರತಿಭೆಯನ್ನು ಗುರುತಿಸಿದ ಅಮ್ಮ ನನಗೆ ಕೊಟ್ಟ ವಿಶೇಷ ಶಿಕ್ಷಣವೆಂದರೆ, ಸ್ಟೂಲು ಹತ್ತಿ ಡಬ್ಬ ಇಳಿಸುವ ಕೆಲಸ ಕಾಲೇಜು ಮುಗಿಯುವವರೆಗೂ ನನಗೇ ಖಾಯಂ ಆದದ್ದು.

ಇನ್ನು ನೆಂಟರು ಬಂದರೆ ಹತ್ತೊಂಬತ್ತರ ಮಗ್ಗಿಯ ಪ್ರದರ್ಶನ. ಕೈಕಟ್ಟಿ, ಗೋಡೆ ನೋಡಿಕೊಂಡು ಶುರು ಮಾಡುತ್ತಿದ್ದೆ. ಹತ್ತೊಂಬತ್ತೆಂಟರ ಹತ್ತಿರ ಸರಿಯಾಗಿ ಒಂದು ಕೆಮ್ಮು ಬರುತ್ತಿತ್ತು. ಆ ಕೆಮ್ಮಿನ ಮರೆಯಲ್ಲಿ ಲೆಕ್ಕ ಹಾಕಿ ನೂರೈವತ್ತೆರಡು ಎಂದು ಹೇಳಿ ಮುಗಿಸಿದರೆ ಮಾವ “ಭೇಷ್, ಹುಡುಗ ಮುಂದೆ ಬರ್ತಾನೆ” ಎನ್ನುತ್ತಿದ್ದರು. ಒಮ್ಮೆ ನಾನು “ಮಾವ, ಇಪ್ಪತ್ತಕ್ಕೇ ಯಾಕೆ ಮಗ್ಗಿ ನಿಲ್ಲಿಸ್ತಾರೆ? ಇಪ್ಪತ್ತೊಂದು ಏನು ತಪ್ಪು ಮಾಡಿತ್ತು?” ಎಂದು ಕೇಳಿದೆ. ಮಾವನ ಮುಖ ಗಂಟಾಯಿತು. ಅಪ್ಪ “ಅಧಿಕಪ್ರಸಂಗ! ಒಳಗೆ ಹೋಗು” ಎಂದು ಗದರಿದರು. ನಮ್ಮ ಮನೆಯಲ್ಲಿ ಜಾಣನೆಂದರೆ ಉತ್ತರ ಹೇಳುವವನು. ಪ್ರಶ್ನೆ ಕೇಳುವವನು ಕೆಟ್ಟ ಸಹವಾಸ ಮಾಡಿದವನು.

ಇಂಥ ಮನೆಯಿಂದ ಬಂದ ನನಗೆ ಇಳಾಳಂಥ ಮಗಳು. ಆಗ ಅವಳಿಗೆ ಐದೂವರೆ ವರ್ಷ, ಕಿಂಡರ್‌ಗಾರ್ಟನ್. ನಾವು ಕನ್ನಡದಲ್ಲಿ ಮಾತಾಡಿಸಿದರೆ ಎಲ್ಲ ಅರ್ಥವಾಗುತ್ತಿತ್ತು, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು. ಆ ಬಾಯಿ ಬಿಡದ ಗಳಿಗೆಯೇ ಇರಲಿಲ್ಲ. ಸ್ನಾನದ ಟಬ್ಬಿನಲ್ಲಿ ಕೂತು, ನೀರಿಗೆ ತಾನು ಒದ್ದೆಯಾಗಿದ್ದೇನೆಂದು ಗೊತ್ತಾಗುತ್ತದಾ ಎಂದು ಕೇಳುವಳು. ಬೆಳಿಗ್ಗೆ ಹಾಲು ಕುಡಿಯುತ್ತಾ, ರಾತ್ರಿ ಅಜ್ಜಿ ನನ್ನ ಕನಸಿಗೆ ಬಂದಿದ್ದಳಲ್ಲ, ಹಾಗೆ ಬಂದಿದ್ದು ಅಜ್ಜಿಗೆ ಗೊತ್ತಾ ಎಂದು ಕೇಳುವಳು. ನನ್ನ ಹೆಂಡತಿ ರಂಜನಿಗೂ ನನಗೂ ಇದಕ್ಕೆಲ್ಲ ಪುರಸೊತ್ತೆಲ್ಲಿ? ಮಗಳ ಬುದ್ಧಿ ಬೆಳೆಸುವ ಗಡಿಬಿಡಿಯಲ್ಲಿದ್ದೆವು. “ಅದೆಲ್ಲ ಆಮೇಲೆ ಹೇಳ್ತೀನಿ ಪುಟ್ಟಾ, ಈಗ ಈ ಪೇಜ್ ಮುಗ್ಸು” ಎನ್ನುತ್ತಿದ್ದೆವು. ಪೇಜಿನಲ್ಲಿ ನಾಲ್ಕು ಚಿತ್ರ ಇರುತ್ತಿದ್ದವು, ಗುಂಪಿಗೆ ಸೇರದ್ದಕ್ಕೆ ಸುತ್ತು ಹಾಕಬೇಕು. ಇಳಾ ಸುತ್ತು ಹಾಕುವ ಬದಲು ಆ ಒಂಟಿ ಚಿತ್ರಕ್ಕೊಂದು ಮನೆ ಬರೆದು ಕೊಡುತ್ತಿದ್ದಳು. ಇವಳ ಕಥೆ ಮುಗಿಯಿತು, ಜೀಟಿ ಇವಳ ಹಣೆಯಲ್ಲಿ ಬರೆದಿಲ್ಲ ಎಂದು ನಾವಿಬ್ಬರೂ ನಿಟ್ಟುಸಿರು ಬಿಡುತ್ತಿದ್ದೆವು.

ಹ್ಯೂಸ್ಟನ್ನಿನಲ್ಲಿ ನನ್ನ ದೊಡ್ಡಪ್ಪನ ಮಗನ ಹೆಂಡತಿ ಇದ್ದಾರೆ, ಸುಧಾ ಅತ್ತಿಗೆ. ಮೂಳೆ ಡಾಕ್ಟರು. ಮೂಳೆಯ ಡಾಕ್ಟರಿಗೂ ಮಕ್ಕಳ ಮೆದುಳಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಅವರ ಮಕ್ಕಳಿಬ್ಬರೂ ಜೀಟಿ. ಫೋನು ಮಾಡಿದಾಗ “ಇನ್ನೂ ಏನೂ ಶುರು ಮಾಡಿಲ್ವಾ? ಅಯ್ಯೋ, ಏನೋ ನೀನು! ನಮ್ಮ ಸಿರಿಗೆ ಮೂರು ವರ್ಷಕ್ಕೇ ಪ್ಯಾಟರ್ನ್ಸ್ ಎಲ್ಲಾ ಬರ್ತಿತ್ತು” ಎಂದು ಮರುಗಿ, ಆ ಬಿಲ್ಲೆಗಳ ಡಬ್ಬಿ ಕಳಿಸಿದರು. ಇಳಾ ಆ ಬಿಲ್ಲೆಗಳಿಗೆ ಮದುವೆ ಮಾಡಿಸಿದಳು. ಹಳದಿಯದು ಪುರೋಹಿತರು.

ನಮ್ಮ ಎದುರು ಮನೆಯಲ್ಲಿ ಧಾರವಾಡದ ವಿನುತಾ ಇದ್ದಾರೆ. ಅವರ ಮಗ ಅಥರ್ವ ಇಳಾಳ ಕ್ಲಾಸೇ. ಏನು ಪ್ರಿಪೇರ್ ಮಾಡಿಸ್ತಿದ್ದೀರಿ ಎಂದು ಕೇಳಿದರೆ “ಏನಿಲ್ರೀ, ಸುಳ್ಳ ಯಾಕ ಹೇಳ್ಲಿ? ನಾವೇನೂ ಹೇಳಿ ಕೊಟ್ಟಿಲ್ರೀ. ತಾನ ಆಡಕೋತ ಇರ್ತಾನ” ಎನ್ನುತ್ತಿದ್ದರು. ಪರೀಕ್ಷೆಯ ಹಾಲಿನ ಹೊರಗೆ “ಏನೂ ಓದಿಲ್ಲ ಕಣೋ” ಎಂದು ಅಳುಮುಖ ಮಾಡಿಕೊಂಡು ನಿಂತವನೇ ಆಮೇಲೆ ಮೊದಲನೆಯವನಾಗಿ ಬರುವುದನ್ನು ನೋಡಿ ಬೆಳೆದವನು ನಾನು, ಈ ರಾಗ ನನಗೆ ಗೊತ್ತಿಲ್ಲವೇ? ಮುಂದಿನ ಭಾನುವಾರ ಲೂಯಿಸ್‌ವಿಲ್‌ನ ಒಂದು ಕೋಚಿಂಗ್ ಸೆಂಟರಿನ ಬಾಗಿಲಲ್ಲಿ ವಿನುತಾ ಹೊರಗೆ ಬರುತ್ತಿದ್ದರು, ನಾವು ಒಳಗೆ ಹೋಗುತ್ತಿದ್ದೆವು. “ಇಲ್ಲೇ ಪಕ್ಕದಾಗ ಕೊತ್ತಂಬ್ರಿ ತೊಗೊಳಾಕ ಬಂದಿದ್ವಿ” ಎಂದರು. ನಾವೂ ಕೊತ್ತಂಬರಿಗೇ ಬಂದಿದ್ದೇವೆಂದು ಹೇಳಿದೆವು. ಅಂದಿನಿಂದ ಎರಡೂ ಮನೆಗೆ ಗಾಢವಾದ ಸ್ನೇಹ ಬೆಳೆಯಿತು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಅಲ್ಲಿ ನನ್ನ ಇಂಜಿನಿಯರಿಂಗ್ ಸಹಪಾಠಿ ಗುರು ಇದ್ದಾನೆ, ದ ಡೊಮೇನ್ ಎಂಬ ಬಡಾವಣೆಯ ಒಂದು ಕಂಪನಿಯಲ್ಲಿ ಕೆಲಸ. ಆಫೀಸಿನ ಕೆಳಗೇ ಕಾಫಿ ಅಂಗಡಿ. ನಮ್ಮ ಹುಡುಗಿಯ ಕಷ್ಟ ಹೇಳಿಕೊಂಡೆ. ಗುರು ಸುತ್ತ ನೋಡಿ, ಯಾರಾದರೂ ಕನ್ನಡದವರು ಕೇಳಿಸಿಕೊಂಡುಬಿಟ್ಟಾರೆಂದು ದನಿ ತಗ್ಗಿಸಿ “ಟೆಸ್ಟ್ ಒಂದೇ ಅಲ್ಲ ಮಗಾ. ಟೀಚರ್ ವರ್ಷವೆಲ್ಲಾ ಗಮನಿಸ್ತಿರ್ತಾರೆ. ಮಗುಗೆ ಕುತೂಹಲ ಇದ್ಯಾ, ತಾನಾಗೇ ಪ್ರಶ್ನೆ ಕೇಳುತ್ತಾ ಅಂತ ನೋಡ್ತಾರೆ. ಅದಕ್ಕೇ ಜಾಸ್ತಿ ವೆಯ್ಟು” ಎಂದ. ನನಗೆ ಮೈ ಜುಮ್ಮೆಂದಿತು. ಇಂಥ ಗುಟ್ಟನ್ನು ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅಷ್ಟು ಹೊತ್ತೂ ಇಳಾ ನನ್ನ ತೋಳು ಜಗ್ಗುತ್ತಾ ಏನೋ ಕೇಳುತ್ತಲೇ ಇದ್ದಳು. “ಒಂದ್ನಿಮಿಷ ಇರು ಪುಟ್ಟಾ, ಅಪ್ಪ ಇಂಪಾರ್ಟೆಂಟ್ ವಿಷಯ ಮಾತಾಡ್ತಿದೀನಿ” ಎಂದು ಅವಳನ್ನು ಸುಮ್ಮನಿರಿಸಿ, ಮಕ್ಕಳಲ್ಲಿ ಕುತೂಹಲ ಹುಟ್ಟಿಸುವುದು ಹೇಗೆಂದು ಗುರುವನ್ನು ವಿಚಾರಿಸಿದೆ.

ಊರಿಗೆ ಬಂದವನು ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಗುಟ್ಟು ತಿಳಿದವನಿಗೆ ಅದನ್ನು ಯಾರಿಗಾದರೂ ತೋರಿಸಿಕೊಳ್ಳದಿದ್ದರೆ ಊಟ ಸೇರುವುದಿಲ್ಲ ನೋಡಿ. ವಿನುತಾಗೆ ಹೇಳಿದೆ. ಅವರು ಕೇಳಿದ್ದೇ ತಡ, “ಹಂಗಾರ ಶನಿವಾರಕ್ಕೊಂದು ಕ್ಲಾಸ್ ಇಡೂಣ್ರೀ, ನಮ್ಮ ಗೇಮ್ ರೂಮ್ ಖಾಲಿ ಅದ. ಪ್ರಶ್ನಾ ಹೆಂಗ ಕೇಳೂದಂತ ನೀವ ಕಲಸ್ರಿ. ನಿಮಗ ಮಾತು ಛಲೋ ಬರ್ತಾವ” ಎಂದರು. ನನ್ನ ಮಾತನ್ನು ಮನೆಯಲ್ಲಿ ಯಾರೂ ಹೊಗಳಿದ್ದಿಲ್ಲ, ಒಪ್ಪಿಕೊಂಡೆ. ಒಂದೇ ಕ್ಲಾಸಿನಲ್ಲಿ ಓದುವ ನಮ್ಮ ಕಡೆಯ ಐದು ಮಕ್ಕಳು ಸೇರಿದರು. ಕುತೂಹಲದ ಕ್ಲಾಸು ಶುರುವಾಯಿತು.

ನಾನು ಮೇಷ್ಟ್ರಾಗಿ ಸಾಧಾರಣದವನಲ್ಲ. ವಾರಕ್ಕೊಂದೇ ಕುತೂಹಲ, ಅದನ್ನೇ ಚೆನ್ನಾಗಿ ಅಭ್ಯಾಸ ಮಾಡಬೇಕು. ಮೊದಲು ಕೈ ಎತ್ತುವುದು. ಆಮೇಲೆ ತಲೆಯನ್ನು ಬಲಕ್ಕೆ ಸ್ವಲ್ಪ ವಾಲಿಸುವುದು. ಹುಬ್ಬು ಗಂಟು ಹಾಕಿ “ಹ್ಮ್‌ಮ್” ಎನ್ನುವುದು. ಆಮೇಲೆ ಪ್ರಶ್ನೆ, ಅದೂ ಈಗಷ್ಟೇ ಹೊಳೆದ ಹಾಗೆ. ಸಹಜವಾಗಿ ಕೇಳಿದವರಿಗೆ ಸ್ಟಿಕ್ಕರು. ಮೊದಲ ವಾರದ ಕುತೂಹಲ, ನಮ್ಮ ಬಡಾವಣೆಯ ಕೆರೆಯ ಬಾತುಕೋಳಿಗಳ ರೆಕ್ಕೆ ಯಾಕೆ ನೆನೆಯುವುದಿಲ್ಲ ಎಂಬುದು. ಅಥರ್ವ ತಲೆ ವಾಲಿಸಿದ ರೀತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಾಳ ಸರದಿ ಬಂದಾಗ ಅವಳು ನನ್ನನ್ನು ನೋಡಿ “ಅಪ್ಪಾ, ಕ್ಯಾನ್ ಐ ಆಸ್ಕ್ ಅ ಡಿಫರೆಂಟ್ ಒನ್?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ವಿನುತಾ “ಬ್ಯಾರೇದು ಮುಂದಿನ ವಾರ ಕೇಳೂಣಂತ ಪುಟ್ಟಿ. ಈ ವಾರ ಬಾತುಕೋಳಿ ಅದ” ಎಂದರು. ಇಳಾ ಬಾತುಕೋಳಿಯನ್ನೇ ಕೇಳಿದಳು. ಅವಳಿಗೂ ಸ್ಟಿಕ್ಕರು ಕೊಟ್ಟೆ.

ಹೀಗೆ ಅರ್ಧ ಚಳಿಗಾಲ ಕಳೆಯಿತು. ಚಂದ್ರ ಯಾಕೆ ಸವೆಯುತ್ತಾನೆ, ಇರುವೆ ಯಾಕೆ ಸಾಲಾಗಿ ಹೋಗುತ್ತದೆ, ಈರುಳ್ಳಿ ಯಾಕೆ ಅಳಿಸುತ್ತದೆ, ಎಲ್ಲ ಮುಗಿಸಿದೆವು. ಒಂದು ಸಂಜೆ ರಂಜನಿ ಟವೆಲು ಹಿಡಿದು ಬಾತ್‌ರೂಮಿನ ಬಾಗಿಲಲ್ಲೇ ನಿಂತುಕೊಂಡಿದ್ದಳು.

“ಏನ್ರೀ, ಇವಳು ಈಗೀಗ ಏನೂ ಕೇಳೋದೇ ಇಲ್ಲ ಅಲ್ವಾ?”

“ಕೇಳ್ತಾಳಲ್ಲ, ಶನಿವಾರ ಎಷ್ಟು ಚೆನ್ನಾಗಿ ಕೇಳಿದ್ಳು.”

“ಅದಲ್ಲಾರೀ. ಸ್ನಾನ ಮಾಡ್ಬೇಕಾದ್ರೆ ತಲೆ ತಿಂದುಬಿಡ್ತಿದ್ಳು. ಈಗ ಸುಮ್ನೆ ಕೂತ್ಕೊಂಡು ನೀರು ಹಾಕಿಸ್ಕೊಂಡು ಎದ್ದು ಬರ್ತಾಳೆ. ನನಗ್ಯಾಕೋ ಸರಿ ಕಾಣ್ತಿಲ್ಲ.”

“ಮೆಚ್ಯೂರ್ ಆಗ್ತಿದಾಳೆ ಕಣೆ, ಸಂತೋಷಪಡು” ಎಂದೆ. ಹೇಳಿದ್ದೇನೋ ಹೇಳಿದೆ, ಆದರೆ ಮರುದಿನ ಹಾಲು ಕುಡಿಯುವಾಗ ನಾನೇ ಕೆದಕಿ “ನೆನ್ನೆ ಕನಸಲ್ಲಿ ಯಾರು ಬಂದಿದ್ರು?” ಎಂದು ಕೇಳಿದರೆ ಅವಳು ಭುಜ ಕುಣಿಸಿ ಲೋಟ ಕೆಳಗಿಟ್ಟಳು. ಸಂಕಟವಾಯಿತು. ಅದನ್ನು ಯಾರ ಹತ್ತಿರವೂ ಹೇಳಲಿಲ್ಲ, ಆಫೀಸಿಗೆ ಲೇಟಾಗಿತ್ತು.

ಜನವರಿಯ ಕೊನೆಗೆ ಅವಳ ಟೀಚರು ಮಿಸೆಸ್ ಬೆನೆಟ್ ನಮ್ಮನ್ನು ಬರಹೇಳಿದರು. ಕಿಂಡರ್‌ಗಾರ್ಟನ್ನಿನ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತುಕೊಂಡು ಘನತೆ ಕಾಪಾಡಿಕೊಳ್ಳುವುದು ಎಷ್ಟು ಕಷ್ಟವೆಂದು ಕೂತವರಿಗೇ ಗೊತ್ತು. ಮಿಸೆಸ್ ಬೆನೆಟ್ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಪ್ರತಿ ಸೋಮವಾರ ಬೆಳಿಗ್ಗೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡ ಕೂಡಲೇ ಐದು ಕೈ ಮೇಲೇಳುತ್ತವೆ ಎಂದರು. ಐದು ತಲೆಗಳು ಬಲಕ್ಕೆ ವಾಲುತ್ತವೆ. ಐದು ಬಾಯಿ “ಹ್ಮ್‌ಮ್” ಎನ್ನುತ್ತವೆ. ಆಮೇಲೆ ಒಬ್ಬರಾದ ಮೇಲೊಬ್ಬರು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ, ಒಂದು ವಾರ ಐವರಿಗೂ ಬಾತುಕೋಳಿ, ಇನ್ನೊಂದು ವಾರ ಐವರಿಗೂ ಚಂದ್ರ. ಹೇಳುತ್ತಾ ಹೇಳುತ್ತಾ ಅವರೂ ತಲೆ ವಾಲಿಸಿ ತೋರಿಸಿದರು, ಥೇಟ್ ನಾನು ಕಲಿಸಿದ ಹಾಗೇ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಕುರ್ಚಿ ಹೇಗೂ ನೆಲದ ಹತ್ತಿರವೇ ಇತ್ತು.

ಆಮೇಲೆ ಅವರು ಹೇಳಿದರು. ಎರಡು ವಾರದ ಹಿಂದೆ ನಾಲ್ಕೇ ಕೈ ಎದ್ದವಂತೆ. ಇಳಾ ಕೈ ಎತ್ತದೆ ಕೂತಿದ್ದಳಂತೆ. ನಿನಗೇನಾದರೂ ಕೇಳುವುದಿದೆಯಾ ಎಂದಾಗ ಇಳಾ ಅವರ ಹತ್ತಿರ ಬಂದು, ಕಿವಿಯಲ್ಲಿ “ಡೂ ಐ ಹ್ಯಾವ್ ಟು ವಂಡರ್ ಟುಡೇ?” ಎಂದಳಂತೆ. ಇವತ್ತೂ ನಾನು ಕುತೂಹಲ ಪಡಲೇಬೇಕಾ ಎಂದು.

ಮಿಸೆಸ್ ಬೆನೆಟ್‌ರ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಯಾವ ಮಗುವೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ ಎಂದರು. ಇಳಾಳ ಹೆಸರನ್ನು ಜೀಟಿಗೆ ನಾನೇ ಸೂಚಿಸುತ್ತಿದ್ದೇನೆ, ನಿಮ್ಮಿಂದ ನನಗೆ ಬೇಕಾದದ್ದು ಒಂದೇ, ದಯವಿಟ್ಟು ಅವಳನ್ನು ಸ್ವಲ್ಪ ದಿನ ಸುಮ್ಮನೆ ಬಿಡಿ ಎಂದರು.

ಕಾರು ಹತ್ತಿದ ಮೇಲೆ ರಂಜನಿ ಅಳುವುದಕ್ಕೆ ಶುರು ಮಾಡಿದಳು. ನಾನು ಸಂತೋಷಕ್ಕೆ ಅಂದುಕೊಂಡು “ನೋಡ್ದ್ಯಾ, ನನ್ನ ಮಗಳು!” ಎಂದೆ.

“ಥೂ, ಸುಮ್ನಿರ್ರೀ. ಸುಸ್ತಾಗಿದೆ, ಸಾಕು ಅಂತ ಹೇಳಿದಾಳೆ ಮಗು. ನಮ್ಮ ಹತ್ರ ಹೇಳಕ್ಕಾಗ್ದೆ ಟೀಚರ್ ಕಿವೀಲಿ ಹೇಳಿದಾಳೆ. ನೀವು ಸೀಟ್ ಸಿಕ್ತು ಅಂತ ಕುಣೀತಿದೀರಲ್ಲ!”

ಕಾರು ಸ್ಟಾರ್ಟ್ ಮಾಡಿ ಸರೋವರದ ಸೇತುವೆಯ ಕಡೆ ಹೊರಟೆ. ನಾಚಿಕೆಯಾಗಿತ್ತು, ನಿಜವಾಗಿಯೂ ಆಗಿತ್ತು. ಸೇತುವೆ ದಾಟಿದ ಮೇಲೆ ರಂಜನಿ ಮೂಗು ಒರೆಸಿಕೊಂಡು “ಶನಿವಾರದ ಕ್ಲಾಸು ಇವತ್ತಿಗೆ ಮುಗೀತು. ಮತ್ತೆ ಅವಳು ಕೇಳಿದ್ದನ್ನ ಯಾರ ಹತ್ರಾನೂ ಹೇಳ್ಬೇಡಿ. ಅದು ಅವಳದ್ದು. ಹೇಳಲ್ಲ ಅನ್ನಿ” ಎಂದಳು. ಹೇಳಲ್ಲ ಎಂದೆ.

ಆ ಶನಿವಾರ ವಿನುತಾರ ಮನೆಯಲ್ಲಿ ಪಾಟ್‌ಲಕ್, ಎಲ್ಲರೂ ಒಂದೊಂದು ಅಡುಗೆ ತಂದು ಸೇರಿ ಉಣ್ಣುವ ಊಟ. ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತು, ಮೊಸರನ್ನ, ಯಾರೋ ತಂದ ಪಾಸ್ತಾ. ನಾನು ಎಷ್ಟು ಹೊತ್ತು ತಡೆದುಕೊಂಡೆ ಎಂದರೆ ನಿಮಗೇ ಹೆಮ್ಮೆಯಾಗಬೇಕು, ಬಿಸಿಬೇಳೆಬಾತು ಪೂರ್ತಿ ಮುಗಿಯುವವರೆಗೂ ತಡೆದುಕೊಂಡೆ. ಮೊಸರನ್ನಕ್ಕೆ ಬರುವಷ್ಟರಲ್ಲಿ ಯಾರೋ “ಕ್ಲಾಸ್ ಯಾಕೆ ನಿಲ್ಲಿಸಿದ್ರಿ?” ಎಂದು ಕೇಳಿಬಿಟ್ಟರು. ರಂಜನಿ ಮಕ್ಕಳ ಜೊತೆ ಮಹಡಿಯಲ್ಲಿದ್ದಳು. ಹೇಳಿಬಿಟ್ಟೆ. ಬರೀ ಹೇಳಿದೆನೇ? ಚಾಪೆ, ನಾಲ್ಕು ಕೈ, ಟೀಚರ ಕಿವಿ, ಕಣ್ಣೀರು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಎಲ್ಲರೂ ಅಬ್ಬಬ್ಬಾ ಎಂದರು, ಎಂಥಾ ಮಗು ಎಂದರು. ವಿನುತಾ ಮಾತ್ರ ಸೌಟು ಹಿಡಿದುಕೊಂಡು ಹತ್ತಿರ ಬಂದು “ಇನ್ನೊಮ್ಮೆ ಹೇಳ್ರಿ, ಏನಂದ್ಲು?” ಎಂದರು. ಸಂತೋಷದಿಂದ ಇನ್ನೊಮ್ಮೆ ಹೇಳಿದೆ.

ಸೋಮವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಇಳಾ ಸ್ಕೂಲಿನಿಂದ ಬಂದವಳು ಬ್ಯಾಗನ್ನು ಬಾಗಿಲಲ್ಲೇ ಎಸೆದಳು. ಮುಖ ಕೆಂಪಾಗಿತ್ತು. ರಂಜನಿ ಬಿಸಿ ದೋಸೆ ತಟ್ಟೆಗೆ ಹಾಕಿದರೆ ಮುಟ್ಟಲಿಲ್ಲ. ಏನಾಯಿತೆಂದು ಕೇಳಿದ್ದಕ್ಕೆ ಬಿಕ್ಕುತ್ತಾ ಹೇಳಿದಳು. ಅಥರ್ವ ಕೈ ಎತ್ತಿ, ತಲೆ ವಾಲಿಸಿ, ಇವತ್ತೂ ಕುತೂಹಲ ಪಡಲೇಬೇಕಾ ಎಂದು ಟೀಚರನ್ನು ಕೇಳಿದನಂತೆ. ಅವನಾದ ಮೇಲೆ ಉಳಿದ ಮೂವರೂ ಅದನ್ನೇ ಕೇಳಿದರಂತೆ. ಟೀಚರು ತನ್ನ ಕಡೆ ನೋಡಿದರಂತೆ.

“ದಟ್ ವಾಸ್ ಮೈನ್” ಎಂದಳು. “ನಾನು ಗುಟ್ಟಾಗಿ ಕೇಳಿದ್ದು, ಮಿಸೆಸ್ ಬೆನೆಟ್‌ಗೆ ಮಾತ್ರ.” ಕನ್ನಡದಲ್ಲೇ ಅಂದಳು, ಅದು ಅವಳಿಗೆ ಗೊತ್ತಾಗಿತ್ತೋ ಇಲ್ಲವೋ. ಆಮೇಲೆ ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿದಳು. “ಅವರಿಗೆ ಯಾರು ಹೇಳಿದ್ದು, ಅಪ್ಪಾ?”

ಅಷ್ಟು ವಾರಗಳಾದ ಮೇಲೆ ನನ್ನ ಮಗಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಕೈ ಎತ್ತಿರಲಿಲ್ಲ, ತಲೆ ವಾಲಿಸಿರಲಿಲ್ಲ. ನಿಜವಾಗಿ ಉತ್ತರ ಬೇಕಾಗಿ ಕೇಳಿ, ಕಾಯುತ್ತಾ ನಿಂತಿದ್ದಳು. ರಂಜನಿಯೂ ಒಲೆ ಆರಿಸಿ ನನ್ನ ಕಡೆಗೇ ತಿರುಗಿ ನಿಂತಳು.

“ಸುಮ್ನೆ ದೋಸೆ ತಿನ್ನು ಪುಟ್ಟಾ” ಎಂದೆ. “ಆರಿಹೋಗುತ್ತೆ.”